ಹಮೀದಾಕರ ಅಂಗಡಿಯಲ್ಲಿ ಕೂತವರು ಯಾರು?

ದೇವರು ಕಾಯುತ್ತಾನೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಗಂಡ ತೀರಿಕೊಂಡ ಮೇಲೆ ಹರಕೆ ಹೇಳಿಕೊಳ್ಳುವುದನ್ನೂ ಬಿಟ್ಟೆ. ನನ್ನನ್ನು ಕಾದದ್ದು ನನ್ನ ಹೊಲಿಗೆ ಮೆಷಿನ್. ಆದ್ದರಿಂದ ಇದನ್ನು ಓದಿ, ಕೊನೆಗೂ ಇವಳಿಗೆ ಭಕ್ತಿ ಬಂತು ಎಂದು ಖುಷಿಪಡಬೇಡಿ. ಬಂದಿಲ್ಲ.

ಹಂಪನಕಟ್ಟೆಯ ಒಂದು ಹಳೆಯ ಕಟ್ಟಡದಲ್ಲಿ ನಾನು ರವಿಕೆ ಹೊಲಿಯುತ್ತೇನೆ. ಪಕ್ಕದಲ್ಲಿ ಹಮೀದಾಕರ, ಅಂದರೆ ಹಮೀದ್ ಕಾಕನವರ, ಬ್ಯಾಗಿನ ಅಂಗಡಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುವಾಗ ಅವರು ಶಟರ್ ಎಳೆಯುವುದಿಲ್ಲ. ಬಾಗಿಲಿಗೆ ಅಡ್ಡ ಒಂದು ಸ್ಟೂಲ್ ಇಟ್ಟು ನನಗೆ ಹೇಳಿ ಹೋಗುತ್ತಾರೆ. ಅವರು ಬರುವವರೆಗೆ ನಾನು ಅದರಲ್ಲಿ ಕೂತು ರವಿಕೆಗಳಿಗೆ ಹುಕ್ಸ್ ಹೊಲಿಯುತ್ತೇನೆ. ವರ್ಷಗಳಿಂದ ನಡೆದುಬಂದ ಕ್ರಮ ಇದು.

ಕೆಲವು ವರ್ಷಗಳ ಹಿಂದಿನ ಆ ಶುಕ್ರವಾರ ಊರು ಸರಿ ಇರಲಿಲ್ಲ. ಹಿಂದಿನ ದಿನ ಯಾರಿಗೋ ಚೂರಿ ಹಾಕಿದ್ದರು. ಬಸ್ಸುಗಳು ಊರೊಳಗೆ ಬರದೆ ಪಂಪ್‌ವೆಲ್‌ನಿಂದಲೇ ತಿರುಗಿ ಹೋಗುತ್ತಿದ್ದವು. ನಮ್ಮ ಸಾಲಿನಲ್ಲಿ ಅರ್ಧಕ್ಕರ್ಧ ಅಂಗಡಿ ಮುಚ್ಚಿತ್ತು.

"ಇವತ್ತಾದರೂ ಶಟರ್ ಎಳೀರಿ ಮಾರಾಯ್ರೆ" ಎಂದೆ.

"ಹೆದರಿ ಎಳೆದರೆ ನಾಳೆ ತೆಗೀಲಿಕ್ಕೂ ಹೆದರಬೇಕು ಅಕ್ಕ. ಮೇಲೆ ಅವನಿದ್ದಾನೆ, ಇಲ್ಲಿ ನೀವಿದ್ದೀರಿ. ಮತ್ತೆಂತ?"

ಆಯಿತು, ಕೂರುತ್ತೇನೆ ಎಂದೆ. ಅವರು ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ತಿರುವಿನಲ್ಲಿ ಗಲಾಟೆ ಕೇಳಿತು. ಸೂಜಿ, ದಾರ ತೆಗೆದುಕೊಂಡು ಇನ್ನೇನು ಹೊರಡುವುದರಲ್ಲಿದ್ದ ನಾನು ಹೊರಡಲಿಲ್ಲ. ನನ್ನ ಶಟರನ್ನೇ ಎಳೆದು ಒಳಗಿಂದ ಚಿಲಕ ಹಾಕಿಕೊಂಡೆ. ಪಕ್ಕದಲ್ಲಿ ಆ ಮನುಷ್ಯನ ಮೂವತ್ತು ವರ್ಷದ ದುಡಿಮೆ ಬಾಗಿಲು ತೆರೆದು ಬಿದ್ದಿತ್ತು. ನಾಚಿಕೆಯಾಯಿತು. ಆದರೂ ತೆಗೆಯಲಿಲ್ಲ.

ಗಾಜು ಒಡೆಯುವ ಸದ್ದು ಹತ್ತಿರ ಬಂತು. ನೆಲಕ್ಕೆ ಕೆನ್ನೆ ಹಚ್ಚಿ ಶಟರಿನ ಕೆಳಗಿನ ಸಂದಿಯಲ್ಲಿ ನೋಡಿದರೆ ಹತ್ತಿಪ್ಪತ್ತು ಕಾಲುಗಳು. ಎಲ್ಲ ಹಮೀದಾಕರ ಅಂಗಡಿಯ ಮುಂದೆ ನಿಂತವು.

"ಏಳಿ ಅಕ್ಕ, ನೀವು ಎಂತಕ್ಕೆ ಇಲ್ಲಿ ಕೂತದ್ದು?" ಎಂದಿತು ಒಂದು ಗಂಡು ದನಿ.

ಉತ್ತರ ಕೇಳಿಸಲಿಲ್ಲ.

"ನಿಮಗೆ ಎಂತ ಮಾಡುವುದಿಲ್ಲ. ಏಳಿ ಸ್ವಲ್ಪ."

ಆಮೇಲೆ ಅದೇ ದನಿ, ಸೋತಂತೆ, "ಬಾ ಮಾರಾಯ, ಅವರು ಏಳುವುದಿಲ್ಲ" ಎಂದಿತು. ಕಾಲುಗಳು ತಿರುಗಿ ಹೋದವು.

ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದೆ. ಸ್ಟೂಲ್ ಖಾಲಿಯಾಗಿತ್ತು. ಎದುರಿನ ಅಂಗಡಿಗಳ ಗಾಜು ರಸ್ತೆಯಲ್ಲಿ ಚೆಲ್ಲಿತ್ತು. ಇಲ್ಲಿ ಒಂದು ಬ್ಯಾಗೂ ಕದಲಿರಲಿಲ್ಲ.

ಎದುರು ಲಾಡ್ಜಿನ ಮ್ಯಾನೇಜರ್ ಮಹಡಿಯಿಂದ ಎಲ್ಲ ನೋಡಿದ್ದರಂತೆ. ಓಡಿ ಬಂದು, "ತಲೆ ಎತ್ತದೆ ಹೊಲಿಯುತ್ತಾ ಕೂತಿರಲ್ಲ! ನಿಮ್ಮ ಧೈರ್ಯಕ್ಕೆ ಎಂತ ಹೇಳುವುದು!" ಎಂದರು. ಅದು ನಾನಲ್ಲ ಎಂದರೆ ನಕ್ಕರು. ಹಮೀದಾಕ ಬಂದಾಗ ಅವರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. "ಅವನಿದ್ದಾನೆ ಅಂತ ಹೇಳಿದೆನಲ್ಲ ಅಕ್ಕ" ಎಂದರು, ಅಷ್ಟೆ.

ಮ್ಯಾನೇಜರ್ ಸುಳ್ಳು ಹೇಳುವವರಲ್ಲ. ನನ್ನ ಕಿವಿಯೂ ಚೆನ್ನಾಗಿದೆ. ಬೇರೆ ಹೆಂಗಸು ಬಂದಿದ್ದರೆ ಆಮೇಲೆ ಎಲ್ಲಿ ಹೋದಳು? ಇವತ್ತಿಗೂ ನನಗೆ ಗೊತ್ತಿಲ್ಲ. ದೇವರೇ ಎಂದಾದರೆ ನನ್ನ ಪ್ರಶ್ನೆ ಅವನಿಗೆ: ನನ್ನ ರೂಪದಲ್ಲಿ ಕೂರಲು ಯಾರನ್ನು ಕೇಳಿದೆ? ಅಂಗಡಿ ಉಳಿಯಿತು, ಸಂತೋಷ. ಆದರೆ ನಾನು ಮಾಡಬೇಕಾದ ಕೆಲಸವನ್ನು ಅವನು ಮಾಡಿ, ಹೊಗಳಿಕೆಯನ್ನು ನನ್ನ ತಲೆಗೆ ಕಟ್ಟಿದ. ಇಂಥ ಅವಮಾನ ನನಗೆ ಯಾರೂ ಮಾಡಿರಲಿಲ್ಲ.

ಮುಂದಿನ ಶುಕ್ರವಾರವೂ ಊರು ತಣ್ಣಗಾಗಿರಲಿಲ್ಲ. ಹಮೀದಾಕ ಕರೆಯುವ ಮೊದಲೇ ಹೋಗಿ ಕೂತೆ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಚುಚ್ಚಲಿ. ಯಾರಾದರೂ ಬಂದು ಏಳಿ ಎಂದರೆ, ಈ ಸಲ ಏಳದೆ ಕೂರುವವಳು ನಾನೇ ಆಗಿರಬೇಕು.