ಹಿಮದ ಗಾಡಿಗೆ ಮೈಲೇಜ್ ನೋಡಿದ ಕಥೆ

ಟಾರ್ನೀಟಿನ ನಮ್ಮ ಮನೆಯಿಂದ ನಸುಕಿನಲ್ಲೇ ಹೊರಟೆವು. ಈ ದೇಶದಲ್ಲಿ ಜುಲೈ ಎಂದರೆ ನಡುಚಳಿಗಾಲ. ಕಾರಿನ ಗಾಜಿನ ಮೇಲೆ ಹೆಪ್ಪುಗಟ್ಟಿದ್ದ ಇಬ್ಬನಿಯನ್ನು ನಮ್ಮ ಮನೆಯವರು ಹಳೆಯ ಲೈಬ್ರರಿ ಕಾರ್ಡಿನಿಂದ ಕೆರೆದು ತೆಗೆದರು. ಹಿಂದಿನ ಸೀಟಿನಲ್ಲಿ ಗಿರೀಶ. ಬೆಂಗಳೂರಿನ ಹುಡುಗ, ಸಿಡ್ನಿಯಲ್ಲಿ ಐಟಿ ಕೆಲಸ. ಸ್ನೋಮೊಬೈಲ್ ಎಂಬ ಹಿಮದ ಗಾಡಿಯ ಪರೀಕ್ಷೆ ಮಾಡಲೆಂದೇ ಹಿಂದಿನ ಸಂಜೆ ವಿಮಾನ ಹತ್ತಿ ಬಂದಿದ್ದ.

ಸ್ನೋಮೊಬೈಲ್ ನಮಗೇಕೆ ಎಂದು ಕೇಳುವಿರಿ. ಬ್ರೈಟ್ ಎಂಬ ಊರಿನಾಚೆ, ಬೆಟ್ಟದ ಮೇಲೆ, ನಾವು ಕೆಲವು ಕನ್ನಡದ ಕುಟುಂಬಗಳು ಸೇರಿ ಒಂದು ಸಣ್ಣ ಲಾಡ್ಜ್ ಗುತ್ತಿಗೆ ಹಿಡಿದಿದ್ದೇವೆ. ಗಿರೀಶನಂತೆ, ನಮ್ಮಂತೆ, ನನ್ನ ತಂಗಿಯ ಮಗಳು ವೀಣಾಳೂ ಅದರಲ್ಲಿ ಸಮಪಾಲಿನವಳು. ಚಳಿಗಾಲ ಪೂರ್ತಿ ಅಲ್ಲೇ ಇದ್ದು ಅದನ್ನು ನಡೆಸುವವಳೂ ಅವಳೇ. ಕಾರುಗಳೆಲ್ಲ ಮೇಲಿನ ಪಾರ್ಕಿಂಗಿನಲ್ಲೇ ನಿಲ್ಲಬೇಕು. ಅಲ್ಲಿಂದ ಲಾಡ್ಜಿನವರೆಗೆ ಕಡಿದಾದ ಇಳಿಜಾರು, ಮೊಣಕಾಲು ಮುಳುಗುವಷ್ಟು ಹಿಮ. ಅತಿಥಿಗಳ ಸೂಟ್‌ಕೇಸು, ಅಕ್ಕಿ, ಬೇಳೆ, ಗ್ಯಾಸ್ ಸಿಲಿಂಡರು ಎಲ್ಲವನ್ನೂ ಸ್ನೋಮೊಬೈಲಿನ ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ ಹೇರಿ ಕೆಳಗಿಳಿಸಬೇಕು. ಇಳಿಸುವವಳು ವೀಣಾ. ಹಳೆಯ ಗಾಡಿ ಕೆಟ್ಟು ಕೂತಿತ್ತು. ಬೇರೆಯದನ್ನು ಆರಿಸಲು ಹೊರಟವರು ಮಾತ್ರ, ಅದರ ಮೇಲೆ ಒಂದು ದಿನವೂ ಕೂರದ ನಾವು!

ಹ್ಯೂಮ್ ಹೆದ್ದಾರಿಗೆ ಸೇರಿದ ಮೇಲೆ ಕೇಳಿಯೇ ಬಿಟ್ಟೆ. "ವೀಣಾಗ ಎಂಥಾ ಗಾಡಿ ಬೇಕಂತ ಯಾರರೆ ಕೇಳಿರೇನು?"

"ಆಂಟಿ, ಅದು ಟೆಕ್ನಿಕಲ್ ವಿಷ್ಯ," ಎಂದ ಗಿರೀಶ. "ಪರ್ಫಾರ್ಮೆನ್ಸ್, ಹ್ಯಾಂಡ್ಲಿಂಗ್, ಮೈಲೇಜ್, ಮೂರೂ ಕಂಪೇರ್ ಮಾಡಿ ಲಾಡ್ಜ್ ಗ್ರೂಪಲ್ಲಿ ಹಾಕ್ತೀನಿ. ಅವ್ಳಿಗೆ ಓಡ್ಸೋಕೆ ಒಂದು ಗಾಡಿ ಬಂದ್ರೆ ಸಾಕಲ್ವಾ?"

ನಮ್ಮ ಮನೆಯವರು ರಸ್ತೆ ನೋಡುತ್ತ ಕೆಮ್ಮಿದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಕೆಮ್ಮಿನ ಅರ್ಥ ನನಗೆ ಗೊತ್ತಿದೆ: ನನ್ನನ್ನು ಎಳೆಯಬೇಡ. ಮದುಮಗಳನ್ನು ಮನೆಯಲ್ಲೇ ಬಿಟ್ಟು ದಿಬ್ಬಣ ಹೊರಟ ಹಾಗಾಯಿತು ಎಂದುಕೊಂಡೆ.

ವಾಂಗರಾಟದಲ್ಲಿ ನಿಲ್ಲಿಸಿ, ಬಿಸಿಲಿದ್ದ ಬೆಂಚು ಹುಡುಕಿ, ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಬ್ರೈಟಿನಲ್ಲಿ, ಹಿಮದಲ್ಲಿ ಕಾರು ಜಾರದಂತೆ ಚಕ್ರಕ್ಕೆ ಕಟ್ಟುವ ಸರಪಳಿಯನ್ನು ಬಾಡಿಗೆಗೆ ಪಡೆದೆವು. ಬೇಕಾಗಲಿ, ಬಿಡಲಿ, ಸರಪಳಿ ಕಾರಿನಲ್ಲಿ ಇರಲೇಬೇಕೆಂದು ಇಲ್ಲಿಯ ಕಾನೂನು. ಬೆಟ್ಟದ ಗೇಟಿನಲ್ಲಿ ಪ್ರವೇಶದ ಹಣ ಬೇರೆ. ತಿರುವು ತಿರುವಿಗೂ ಚಳಿ ಹೆಚ್ಚಿತು. ಬೂದು ಬಣ್ಣದ ಮರಗಳ ಕೊಂಬೆಗಳ ಮೇಲೆ ಮೊದಲು ಹಿಟ್ಟು ಚೆಲ್ಲಿದಂತೆ, ಆಮೇಲೆ ಹತ್ತಿ ಹರಡಿದಂತೆ ಹಿಮ ಕಾಣಿಸಿಕೊಂಡಿತು.

ಪಾರ್ಕಿಂಗಿನಲ್ಲಿ ವೀಣಾ ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು, ಕೈಯಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದಳು. "ಮಾವಶಿ, ಚಟ್ನಿ ಉಳದದಿಲ್ಲೋ? ಇಲ್ಲಾ ಹಾದ್ಯಾಗ ಮುಗಿಸೀರೋ?" ಎಂದು ಬಂದು ಅಪ್ಪಿಕೊಂಡಳು. ಪಕ್ಕದಲ್ಲಿ ಎರಡು ಗಾಡಿ. ಕೆಂಪುದು ತೆಳ್ಳಗೆ, ಹಗುರ, ಟೂ ಸ್ಟ್ರೋಕ್. ಕಪ್ಪುದು ಅಗಲ ಪಟ್ಟಿಯ ದಪ್ಪ ಗಾಡಿ, ಫೋರ್ ಸ್ಟ್ರೋಕ್. ಎರಡಕ್ಕೂ ಮುಂದೆ ಚಕ್ರದ ಬದಲು ಎರಡು ಸ್ಕೀ, ಹಿಂದೆ ಬುಲ್ಡೋಜರಿನದರಂತೆ ಸುತ್ತುವ ರಬ್ಬರ್ ಪಟ್ಟಿ. ಮಾರುವವನು ಕೆಳಗಿನ ಊರಿನ ಬಿಳಿ ಗಡ್ಡದ ಮುದುಕ. ಹೆಲ್ಮೆಟ್ ಹಿಡಿದು ನಿಂತವಳನ್ನು ಬಿಟ್ಟು, ಅವನು ಕೀಲಿಗಳನ್ನು ಕೊಟ್ಟದ್ದು ಗಂಡಸರಿಬ್ಬರ ಕೈಗೆ.

ಲೀಟರಿಗೆ ಎಷ್ಟು ಓಡುತ್ತದೆ ಎಂಬುದೇ ಗಿರೀಶನ ಮೊದಲ ಪ್ರಶ್ನೆ. ಅದು ಹಿಮ ಎಷ್ಟು, ಭಾರ ಎಷ್ಟು, ನಿನ್ನ ಹೆಬ್ಬೆರಳು ಎಷ್ಟು ಒತ್ತುತ್ತದೆ ಎಂಬುದರ ಮೇಲೆ ಹೋಗುತ್ತದೆ ಎಂದ ಮುದುಕ. ಇದರ ಎಕ್ಸಿಲರೇಟರನ್ನು ಹೆಬ್ಬೆರಳಿನಿಂದಲೇ ಒತ್ತುವುದು. ಗಿರೀಶನಿಗೆ ಆ ಉತ್ತರ ಸಾಲಲಿಲ್ಲ. ನಮ್ಮ ಊರಿನ ಪದ್ಧತಿಯೇ ಸರಿ ಎಂದು ಎರಡೂ ಟ್ಯಾಂಕುಗಳನ್ನು ಕಂಠದವರೆಗೆ ತುಂಬಿಸಿದ. ದಿಬ್ಬ ಹತ್ತಿ, ಇಳಿದು, ಸುತ್ತು ಹಾಕಿ ಬಂದು ಮತ್ತೆ ತುಂಬಿಸಿದಾಗ ಎಷ್ಟು ಹಿಡಿಯುತ್ತದೋ ಅಷ್ಟು ಕುಡಿದಿದೆ ಎಂದು ಲೆಕ್ಕ. ಕೆಂಪುದು ಅವನಿಗೆ, ಕಪ್ಪುದು ನಮ್ಮ ಮನೆಯವರಿಗೆ.

"ವೀಣಾ ಓಡಸ್ಲಿ ಅಲ್ಲ?" ಎಂದೆ.

"ರೈಡರ್ ಚೇಂಜ್ ಆದ್ರೆ ರಿಸಲ್ಟ್ ಕೆಟ್ಟೋಗತ್ತೆ ಆಂಟಿ."

ಒಂದಕ್ಕೆ ತಾನು, ಇನ್ನೊಂದಕ್ಕೆ ತನಗಿಂತ ಇಪ್ಪತ್ತು ಕಿಲೋ ಹೆಚ್ಚು ತೂಗುವ ನನ್ನ ಗಂಡ. ಇದು ಅವನ ವಿಜ್ಞಾನ! ವೀಣಾ ನನ್ನ ತೋಳು ಹಿಡಿದು, "ಆಡ್ಲಿ ಬಿಡು ಮಾವಶಿ, ಹುಡುಗೂರು," ಎಂದಳು. ಹುಡುಗರಲ್ಲಿ ಒಬ್ಬರಿಗೆ ಅರವತ್ತೊಂದು.

ಪರ್ಫಾರ್ಮೆನ್ಸಿನ ವಿಷಯದಲ್ಲಿ ಸುಳ್ಳು ಹೇಳಲಾರೆ. ಕೆಂಪುದು ಬಾಣದಂತೆ ದಿಬ್ಬ ಹತ್ತಿತು. ಕಪ್ಪುದು ಗುಡುಗುಡು ಎನ್ನುತ್ತ, ಹೊಸ ಹಿಮದಲ್ಲಿ ಮೂಗು ಹುದುಗಿಸುತ್ತ ಹಿಂದೆ ಬಿತ್ತು. ಆದರೆ ಮತ್ತೆ ಪೆಟ್ರೋಲ್ ತುಂಬಿಸಿದಾಗ ಎರಡೂ ಹೆಚ್ಚುಕಡಿಮೆ ಒಂದೇ ಸಮ ಕುಡಿದಿದ್ದವು. ಮುದುಕನೇ ಹುಬ್ಬೇರಿಸಿದ. ಟೂ ಸ್ಟ್ರೋಕ್ ಇಷ್ಟು ಕಡಿಮೆ ಕುಡಿದದ್ದನ್ನು ತಾನು ಕಂಡಿಲ್ಲ ಎಂದ.

"ನೋಡಿದ್ರಾ? ಸ್ಪೀಡೂ ಇದೆ, ಮೈಲೇಜೂ ಇದೆ. ರೆಡ್ ಫೈನಲ್!" ಎಂದು ಗಿರೀಶ ಕೈ ಉಜ್ಜಿಕೊಂಡ.

ನನಗೆ ಆಗಿನಿಂದ ಒಂದು ಸಂಶಯ. "ಇಳಿಯೋ ಮುಂದ ನಿನ್ನ ಗಾಡಿ ಸಪ್ಪಳನ ಇರಲಿಲ್ಲಲ್ಲೋ?"

"ಆಫ್ ಮಾಡಿದ್ದೆ ಆಂಟಿ! ಇಳಿಜಾರಲ್ಲಿ ಎಂಜಿನ್ ಯಾಕೆ? ನಮ್ಮಪ್ಪ ಸ್ಕೂಟರ್‌ನ ಘಾಟಲ್ಲಿ ಹಂಗೇ ಇಳಿಸ್ತಿದ್ರು."

ನಮ್ಮಪ್ಪನೂ ಇಳಿಸುತ್ತಿದ್ದರು. ಧಾರವಾಡದ ಏರು ಇಳಿವಿನ ರಸ್ತೆಗಳಲ್ಲಿ ಎಂಜಿನ್ ಆರಿಸಿ, ಗಾಳಿಗೆ ಧೋತರ ಹಾರಿಸುತ್ತ ಬರುವುದೇ ಅವರಿಗೆ ಒಂದು ಹಬ್ಬ. ಆದರೆ ಅವರ ಹಿಂದೆ ಇರುತ್ತಿದ್ದದ್ದು ನಾನು ಮತ್ತು ಒಂದು ಕೈಚೀಲ ಮೆಂತೆಪಲ್ಲೆ.

"ಗಿರೀಶಣ್ಣಾ," ಎಂದಳು ವೀಣಾ. ದನಿ ಮೆತ್ತಗಿತ್ತು, ಮುಖದಲ್ಲಿ ನಗು ಇರಲಿಲ್ಲ. "ನನ್ನ ಹಿಂದ ಸಿಲಿಂಡರ್ ಇರ್ತಾವು. ಎಂಜಿನ್ ಆರಿಸಿದ್ರ ಅವು ಮುಂದ, ನಾ ಹಿಂದ. ನಾ ದಿನಾ ಇಳೀಬೇಕು ಇಲ್ಲಿ."

"ಬ್ರೇಕ್ ಹಿಡ್ಕೊಂಡು ನಿಧಾನಕ್ಕೆ ಬಾ. ಅಭ್ಯಾಸ ಆಗತ್ತೆ."

ಅಭ್ಯಾಸ! ಬೇರೆಯವರ ಎಲುಬಿನ ಮೇಲೆ ಮಾಡುವ ಉಳಿತಾಯ ಎಷ್ಟು ಸಲೀಸು! ಬೆಳಗಿನಿಂದ ಅದುಮಿಟ್ಟದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. "ಹಂಗಾದ್ರ ನೀನ ಅಕ್ಕಿಚೀಲ ಆಗು. ಜಾರುಬಂಡಿ ಮ್ಯಾಲ ಹತ್ತಿ ಕೂಡು! ನೀವೂ ನಡೀರಿ, ಕೆಮ್ಮಬ್ಯಾಡ್ರಿ," ಎಂದು ಮನೆಯವರನ್ನೂ ದಬ್ಬಿದೆ. ಮುದುಕನಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಕೆಂಪು ಗಾಡಿಗೆ ಜಾರುಬಂಡಿಯ ಕಬ್ಬಿಣದ ಕೊಂಡಿ ಸಿಕ್ಕಿಸಿ, ಬುಡದಲ್ಲಿ ಸಪಾಟಾಗಿದ್ದ ಒಂದು ಗಿಡ್ಡ ಇಳಿಜಾರನ್ನು ತೋರಿಸಿ, ಕೀಲಿಯನ್ನು ಈ ಸಲ ವೀಣಾಳ ಕೈಗೆ ಕೊಟ್ಟ.

ಗಂಡಸರಿಬ್ಬರನ್ನೂ ಜಾರುಬಂಡಿಯಲ್ಲಿ ಕೂರಿಸಿಕೊಂಡು, ಇಳಿಜಾರಿನ ಮೇಲ್ತುದಿಯಲ್ಲಿ ಅವಳು ಎಂಜಿನ್ ಆರಿಸಿದಳು, ಗಿರೀಶನ ಪದ್ಧತಿಯಂತೆಯೇ. ಒಂದು ಕ್ಷಣ ಎಲ್ಲ ಚೆಂದ. ಆಮೇಲೆ ಹಿಂದಿನ ಭಾರ ಹಗುರ ಗಾಡಿಯನ್ನು ನೂಕತೊಡಗಿತು. ಬ್ರೇಕ್ ಹಿಡಿದರೆ ಪಟ್ಟಿ ತಿರುಗುವುದನ್ನು ನಿಲ್ಲಿಸಿತು, ಜಾರುವುದನ್ನಲ್ಲ. ಗಾಡಿಯ ಬಾಲ ಒಂದು ಕಡೆ, ಜಾರುಬಂಡಿ ಇನ್ನೊಂದು ಕಡೆ. ವೀಣಾ ಇಡೀ ಮೈಯನ್ನು ಎಡಕ್ಕೆ ಚೆಲ್ಲಿ ಹ್ಯಾಂಡಲ್ ಜಗ್ಗಿದಳು.

"ಆನ್ ಮಾಡು! ಎಂಜಿನ್ ಆನ್ ಮಾಡು ಮಾರಾಯ್ತಿ!" ಗಿರೀಶನ ಕೂಗು ಬೆಟ್ಟಕ್ಕೆಲ್ಲ ಕೇಳಿತು.

ಮೆತ್ತನೆಯ ಹಿಮದ ರಾಶಿಗೆ ಓರೆಯಾಗಿ ಹೋಗಿ ನಿಂತರು. ಯಾರಿಗೂ ಏನೂ ಆಗಲಿಲ್ಲ. ನಮ್ಮ ಮನೆಯವರು ಮೀಸೆಯಿಂದ ಹಿಮ ಕೊಡವಿಕೊಂಡರು, ಕೆಮ್ಮಲಿಲ್ಲ. ಎಂಜಿನ್ ಹಚ್ಚಿಯೇ ಇಳಿಸಿದಾಗಲೂ ಕೆಂಪು ಗಾಡಿ ತುಸು ಮಿಸುಕಾಡಿತು. ಅದೇ ಭಾರ ಹೊತ್ತ ಕಪ್ಪುದು, ಗಬ್ಬದ ಎಮ್ಮೆ ಕೆರೆಗೆ ಇಳಿಯುವಂತೆ, ಎಂಜಿನ್ನಿನ ಹಿಡಿತದಲ್ಲೇ ಹೆಜ್ಜೆ ಅಳೆದು ಇಳಿಯಿತು. ಅದೇ ಎರಡು 'ಅಕ್ಕಿಚೀಲ'ಗಳನ್ನು ಹೇರಿಕೊಂಡೇ ಎರಡನ್ನೂ ದಿಬ್ಬ ಸುತ್ತಿಸಿ ಮತ್ತೆ ತುಂಬಿಸಿದೆವು. ಈಗ ಕೆಂಪುದರ ಹೊಟ್ಟೆಬಾಕತನ ಬಯಲಾಯಿತು; ಪೆಟ್ರೋಲೂ ಹೆಚ್ಚು ಬೇಕು, ಮೇಲೆ ಎಣ್ಣೆಯೂ ಬೇಕು.

ಕೊನೆಗೆ ವೀಣಾ ಭಾರವಿಲ್ಲದೆ ಕೆಂಪುದನ್ನು ಒಬ್ಬಳೇ ಓಡಿಸಿಕೊಂಡು ಹೋದಳು. ಹಿಮ ಚಿಮ್ಮಿಸುತ್ತ, ನಿಂತುಕೊಂಡೇ ತಿರುಗಿಸುತ್ತ ಬಂದವಳ ಕೆನ್ನೆ ಕೆಂಪಾಗಿತ್ತು. "ಮಾವಶಿ, ಇದು ಭಾಳ ಚಂದ ಓಡ್ತದ. ಬಿಟ್ಟು ಇಳೀಬ್ಯಾಡ ಅನಸ್ತದ," ಎಂದಳು. ಅದರ ಹ್ಯಾಂಡಲನ್ನೊಮ್ಮೆ ಸವರಿ, "ಕಪ್ಪುದ ಇರ್ಲಿ," ಎಂದು ಇಳಿದಳು. ಮುದುಕ ಕೆಂಪುದನ್ನು ಟ್ರೇಲರಿಗೆ ಏರಿಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿಂದು ಹೊರಟೆವು. ಪಾರ್ಕಿಂಗ್ ದಾಟಿರಲಿಲ್ಲ, ಹಿಂದಿನ ಸೀಟಿನಲ್ಲಿ ಗಿರೀಶ ಗ್ರೂಪಿಗೆ ವಾಯ್ಸ್ ಮೆಸೇಜ್ ಹಚ್ಚಿದ: "ಗೈಸ್, ಫುಲ್ ಟೆಸ್ಟಿಂಗ್ ಮಾಡಿ, ವಿತ್ ಲೋಡ್ ಚೆಕ್ ಮಾಡಿ, ಬ್ಲ್ಯಾಕ್ ಫೈನಲ್ ಮಾಡಿದೀನಿ."

"ಗಾಡಿ ನಿಲ್ಲಸ್ರಿ," ಎಂದೆ. ಮೊದಲ ತಿರುವಿನಲ್ಲೇ ಮನೆಯವರು ನಿಲ್ಲಿಸಿದರು. "ಗಿರೀಶಾ, ಅದನ್ನ ಅಳಸು. ಆಕಿ ಹೆಸರೆಲ್ಲಿ?"

"ಎಲ್ಲಾ ಒಂದೇ ಫ್ಯಾಮಿಲಿ ಅಲ್ವಾ ಆಂಟಿ. ಯಾರ ಹೆಸ್ರಾದ್ರೇನು?"

"ಯಾರದಾದ್ರೂ ನಡೀತದಂದ್ರ ಆಕಿದ ಹಾಕು."

ಅವನು ಕನ್ನಡಿಯಲ್ಲಿ ನಮ್ಮ ಮನೆಯವರ ಮುಖ ನೋಡಿದ. ಅವರು, "ಹಾಕಪಾ," ಎಂದರು. ಅಷ್ಟೇ.

ಅಳಿಸಿ ಮತ್ತೆ ಹೇಳಿದ. "ಗೈಸ್, ವೀಣಾ ಟೆಸ್ಟ್ ಮಾಡಿ ಬ್ಲ್ಯಾಕ್ ಫೈನಲ್ ಮಾಡಿದಾಳೆ." ಕೊನೆಗೆ ಸೇರಿಸಿದ, "ನಾನು ಓಕೆ ಅಂದಿದೀನಿ."

ಓಕೆ ಅಂದನಂತೆ! ಅವನ ಕಡೆ ತಿರುಗಿದೆ. ಹಿಂದಿನ ಗಾಜಿನಾಚೆ, ಬೆಳ್ಳಗಿನ ಇಳಿಜಾರಿನಲ್ಲಿ ಒಂದು ಕಿತ್ತಳೆ ಚುಕ್ಕೆ ಕಂಡಿತು. ವೀಣಾ ಅಂದಿನ ಮೊದಲ ಹೇರು ಇಳಿಸುತ್ತಿದ್ದಳು. ನಾನು ಗಾಜು ಇಳಿಸಿ ಕೈ ಬೀಸಿದೆ. ಅವಳು ಬೀಸಲಿಲ್ಲ. ಎರಡೂ ಕೈ ಹ್ಯಾಂಡಲ್ ಮೇಲಿದ್ದವು.