ಸೋಪು ಹಾಕಿ ತೊಳೆದ ಕೈ

ಜಗಳಗಂಟಿ ಎಂಬ ಬಿರುದು ನನಗೆ ಸುಮ್ಮನೆ ಬಂದದ್ದಲ್ಲ. ಜಗಳ ಆಡಿ ಆಡಿ ದಣಿದ ಮೇಲೂ ಬಿರುದು ಮಾತ್ರ ಬಿಡುವುದಿಲ್ಲ ನೋಡಿ. ಕಾಸರಗೋಡು ಕೇರಳಕ್ಕೆ ಸೇರಿದ್ದೇ ತಡ, ಸರಕಾರಿ ಕೆಲಸದಲ್ಲಿದ್ದ ನಮ್ಮ ಯಜಮಾನರನ್ನು ತಿರುವನಂತಪುರಕ್ಕೆ ವರ್ಗ ಮಾಡಿದರು. ಉಳ್ಳೂರಿನ ಹತ್ತಿರ ಬಾಡಿಗೆ ಮನೆ. ಮಗಳಿಗೆ ಆಗ ಎಂಟು ವರ್ಷ. ನನ್ನ ಹಾಗೇ ಕಪ್ಪು, ಚೆನ್ನಾಗಿಯೇ ಕಪ್ಪು. ಓದಿನಲ್ಲಿ ಚುರುಕು, ಬಾಯಿ ಇನ್ನೂ ಚುರುಕು. ಕನ್ನಡದಲ್ಲಿ ಕೇಳಿದರೆ ಉತ್ತರ ಮಲಯಾಳದಲ್ಲಿ ಬರುತ್ತಿತ್ತು.

ಶಾಲೆಯ ವಾರ್ಷಿಕೋತ್ಸವಕ್ಕೆ ದೊಡ್ಡ ಅತಿಥಿಗಳು ಬರುವವರಿದ್ದರು. ಅಲ್ಲಿಯ ಕ್ರಮದಂತೆ ಹುಡುಗಿಯರು ಸಾಲಾಗಿ ನಿಂತು, ತಟ್ಟೆಯಲ್ಲಿ ಹೂವು, ದೀಪ ಹಿಡಿದು ಅವರನ್ನು ಎದುರುಗೊಳ್ಳಬೇಕು, ತಾಲಪ್ಪೊಲಿ ಎನ್ನುತ್ತಾರೆ. ಮಗಳಿಗೆ ಹಗಲೂ ಇರುಳೂ ಅದೇ ಧ್ಯಾನ. ಅಡುಗೆಮನೆಯ ತಟ್ಟೆ ಹಿಡಿದು ಜಗಲಿಯ ಉದ್ದಕ್ಕೂ ನಡೆದದ್ದೇ ನಡೆದದ್ದು.

ಆಯ್ಕೆಯ ದಿನ ಟೀಚರ್ ಎಲ್ಲರನ್ನೂ ನಿಲ್ಲಿಸಿ ಕೈ ಚಾಚಲು ಹೇಳಿದರಂತೆ. ಕೈ ನೋಡುತ್ತ ಹೋಗಿ ಕೆಲವರನ್ನು ಈಚೆ ಕರೆದರಂತೆ. ಇವಳನ್ನು ಕರೆಯಲಿಲ್ಲ. ಮನೆಗೆ ಬಂದವಳೇ ಬಾವಿಕಟ್ಟೆಗೆ ಹೋಗಿ, ಸೋಪು ಹಾಕಿ, ತೆಂಗಿನ ನಾರಿನಲ್ಲಿ ಕೈ ತಿಕ್ಕತೊಡಗಿದಳು.

“ಎಂತ ಮಗಾ ಇದು, ಚರ್ಮ ಕಿತ್ತು ಬರ್ತದೆ!” ಎಂದೆ.

ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: “ಉಗುರಲ್ಲಿ ಮಣ್ಣು ಇತ್ತು ಕಾಣ್ತದೆ ಅಮ್ಮಾ. ನಾಳೆ ಟೀಚರ್ ಇನ್ನೊಮ್ಮೆ ನೋಡಿದ್ರೆ?”

ಯಾರ್ಯಾರನ್ನು ಆರಿಸಿದರು ಎಂದು ಕೇಳಿದೆ. ಅವಳು ಹೆಸರು ಹೇಳುತ್ತ ಹೋದ ಹಾಗೆ ಆ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಎಲ್ಲರೂ ಬೆಳ್ಳಗಿನವರು. ಉಗುರಂತೆ, ಮಣ್ಣಂತೆ!

ಸಂಜೆ ಯಜಮಾನರ ಹತ್ತಿರ ಹೇಳಿದೆ. “ನೀರಲ್ಲಿದ್ದು ಮೊಸಳೆ ಹತ್ರ ವೈರವಾ? ಬಿಡು ಮಾರಾಯ್ತಿ. ಒಂದು ತಟ್ಟೆಗೆ ಇಷ್ಟೆಲ್ಲ ಎಂತಕ್ಕೆ?” ಎಂದರು.

“ತಟ್ಟೆ ಹಾಳಾಗಿ ಹೋಗ್ಲಿ ಮಾರಾಯ್ರೆ! ನಾಳೆ ಇವಳು ಕ್ಲಾಸಲ್ಲಿ ಕೈ ಎತ್ತುದನ್ನೇ ಬಿಟ್ರೆ?”

ಮರುದಿನ ಶಾಲೆಗೆ ಹೋದೆ. ಟೀಚರದ್ದು ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಮಗಳು ಬಹಳ ಜಾಣೆ ಅಕ್ಕಾ, ನಮಗೆ ಭೇದ ಉಂಟೇ, ಬಣ್ಣ ಸ್ವಲ್ಪ ಕಡಿಮೆ ಅಷ್ಟೇ, ದೀಪದ ಬೆಳಕಲ್ಲಿ ಅವಳಿಗೇ ನಾಚಿಕೆ ಆಗಬಾರದಲ್ಲ ಎಂದರು. ಕಡಿಮೆಯಂತೆ! ಅದೇನು ಸೇರಿನಲ್ಲಿ ಅಳೆದು ಕೊಟ್ಟ ಅಕ್ಕಿಯೇ?

“ಅವಳಿಗೆ ನಾಚಿಕೆ ಇಲ್ಲ ಟೀಚರ್, ನೀವು ಕಲಿಸಬೇಡಿ” ಎಂದೆ. ನನ್ನ ಕಾಸರಗೋಡಿನ ಮಲಯಾಳ ಕೇಳಿ ಅಲ್ಲಿದ್ದವರು ಮುಸಿಮುಸಿ ನಕ್ಕರು. ನಗಲಿ. ತಟ್ಟೆ ಕೊಡುತ್ತೇವೆ ಎನ್ನುವವರೆಗೆ ನಾನು ಬೆಂಚಿನಿಂದ ಏಳಲಿಲ್ಲ.

ಕೊಟ್ಟರು, ಸಾಲಿನ ಕಟ್ಟಕಡೆಯಲ್ಲಿ. ವಾರ್ಷಿಕೋತ್ಸವದ ದಿನ ನೋಡುತ್ತೇನೆ, ಮಗಳ ಮುಖಕ್ಕೂ ಕೈಗೂ ಪೌಡರ್ ಬಳಿದುಬಿಟ್ಟಿದ್ದಾರೆ, ಬೂದುಗುಂಬಳದ ಹಾಗೆ. ಬೇರೆ ಯಾವ ಮಗುವಿಗೂ ಅಷ್ಟಿಲ್ಲ. ಸೆಕೆಗೆ ಬೆವರಿಳಿದು ಕೆನ್ನೆಯ ತುಂಬ ಗೆರೆ. ಜನ ನಕ್ಕರು. ಕೆಟ್ಟ ನಗೆಯಲ್ಲ, “ಪಾವಂ”, ಪಾಪ ಎಂದು ಮುದ್ದು ಮಾಡುವ ನಗೆ. ಅದಕ್ಕೆ ಯಾರ ಜುಟ್ಟು ಹಿಡಿಯುವುದು ಹೇಳಿ? ಮಗಳು ದೀಪ ಆರದ ಹಾಗೆ ಕೊನೆಯವರೆಗೂ ನಡೆದಳು. ಮನೆಗೆ ಬಂದು ಮುಖ ತೊಳೆದು ಮಲಗಿದಳು.

ಮರುವರ್ಷ ಕೊಚ್ಚಿಗೆ ವರ್ಗವಾಯಿತು. ನನಗೂ ಸಾಕಾಗಿತ್ತು. ಹೊಸ ಊರು, ಹೊಸ ಶಾಲೆ, ಇಲ್ಲಾದರೂ ಒಂದಿಷ್ಟು ನೆಮ್ಮದಿ ಇರಲಿ ದೇವರೇ ಎಂದುಕೊಂಡಿದ್ದೆ. ಅಲ್ಲಿಯ ಟೀಚರ್ ವಯಸ್ಸಾದವರು, ನಿಜವಾಗಿ ಒಳ್ಳೆಯವರು.

ಒಂದು ದಿನ ಮಗಳು ಊಟದ ಡಬ್ಬಿ ಮರೆತು ಹೋಗಿದ್ದಳು. ತೆಗೆದುಕೊಂಡು ಹೋದಾಗ ಅಂಗಳದಲ್ಲಿ ತರಗತಿಯ ಫೋಟೋ ತೆಗೆಯುವ ಗಡಿಬಿಡಿ. ಗಿಡ್ಡ ಮಕ್ಕಳು ಮುಂದೆ, ಎತ್ತರದವರು ಹಿಂದೆ ಬೆಂಚಿನ ಮೇಲೆ. ತರಗತಿಗೆಲ್ಲ ಗಿಡ್ಡಿ ನನ್ನ ಮಗಳು. ಅವಳು ಯಾರು ಹೇಳುವುದಕ್ಕೂ ಕಾಯದೆ ಹಿಂದೆ ಹೋಗಿ ಬೆಂಚು ಹತ್ತಿ, ಎತ್ತರದ ಹುಡುಗಿಯರ ಮರೆಯಲ್ಲಿ ನಿಂತಳು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

“ಮಗಳೇ, ಅಲ್ಲಿ ನಿಂತರೆ ನೀನು ಕಾಣುವುದೇ ಇಲ್ಲ, ಮುಂದೆ ಬಾ” ಎಂದು ಟೀಚರ್ ಮಲಯಾಳದಲ್ಲಿ ಕರೆದರು.

“ವೇಂಡ ಟೀಚರ್” ಎಂದಳು. ಬೇಡ, ಇಲ್ಲೇ ಸಾಕು. ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ತನ್ನ ಜಾಗ ಗೊತ್ತಿರುವವರ ಹಾಗೆ ಹೇಳಿದಳು.

ನನಗೆ ಬೈಗುಳ ಬಾಯಿವರೆಗೆ ಬಂತು. ಆದರೆ ಬೈಯುವುದು ಯಾರನ್ನು? ಅವಳಿಗೆ ಹಿಂದೆ ನಿಲ್ಲು ಎಂದವರು ಆ ಅಂಗಳದಲ್ಲಿ ಯಾರೂ ಇರಲಿಲ್ಲ. ಡಬ್ಬಿ ಹಿಡಿದುಕೊಂಡು ಗೇಟಿನ ಹತ್ತಿರ ನಿಂತೇ ಇದ್ದೆ, ಫೋಟೋ ತೆಗೆದು ಮುಗಿಯುವವರೆಗೆ.