ಬೋರ್ಡಪ್ಪನಿಗೆ ಆಮೆ ಕೊಟ್ಟ ಸೊನ್ನೆ

ಬೋರ್ಡಪ್ಪ ಒಮ್ಮೆ ಒಂದು ಗೋಡೆಯ ಮೇಲೆ ‘ಇಲ್ಲಿ ಗಾಡಿ ನಿಲ್ಲಿಸಬಾರದು’ ಎಂದು ಬರೆದ. ಅಕ್ಷರ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ನೋಡುವುದಕ್ಕೆಂದೇ ಜನ ಅಲ್ಲಿ ಗಾಡಿ ನಿಲ್ಲಿಸತೊಡಗಿದರು. ಕಡೆಗೆ ಗೋಡೆಯ ಯಜಮಾನನೇ ಬಂದು, “ಸ್ವಲ್ಪ ಕೆಟ್ಟದಾಗಿ ಬರೆದುಕೊಡಪ್ಪ ಮಹರಾಯ” ಎಂದು ಕೈ ಮುಗಿದನಂತೆ. ಇದು ಬೋರ್ಡಪ್ಪನೇ ಹೇಳಿಕೊಂಡ ಕತೆ. ಅರ್ಧಕ್ಕರ್ಧ ಕಳೆದರೂ ಉಳಿಯುವುದು ಸಣ್ಣ ಮಾತೇನಲ್ಲ.

ನಲವತ್ತೆರಡು ವರ್ಷ ಅವನು ಬೋರ್ಡು ಬರೆದ. ಹನ್ನೊಂದು ಲಿಪಿಗಳಲ್ಲಿ ಬರೆದ. ಓದಲು ಬರುತ್ತಿದ್ದದ್ದು ಒಂದೂವರೆ. ಉಳಿದದ್ದೆಲ್ಲ ಅವನ ಪಾಲಿಗೆ ಚಿತ್ರ. ಗಿರಾಕಿ ಚೀಟಿಯಲ್ಲಿ ಬರೆದು ಕೊಟ್ಟದ್ದನ್ನು ಎದುರಿಗಿಟ್ಟುಕೊಳ್ಳುವನು. ದಾರಕ್ಕೆ ಸುಣ್ಣದ ಪುಡಿ ಹಚ್ಚಿ, ಬೋರ್ಡಿನ ಮೇಲೆ ಬಿಗಿಯಾಗಿ ಹಿಡಿದು ಟಪ್ಪೆಂದು ಮೀಟಿ ಗೆರೆ ಮೂಡಿಸುವನು. ಸೀಮೆಸುಣ್ಣದಲ್ಲಿ ಅಕ್ಷರದ ಹೊರಗೆರೆ ಎಳೆದು ಒಳಗೆ ಬಣ್ಣ ತುಂಬುವನು. ಅದೂ ಕೊನೆಯ ಅಕ್ಷರದಿಂದ ಶುರು. ಕಸುಬಿಗಿಳಿದ ಮೊದಲ ವರ್ಷ ಒಬ್ಬ ಹಲ್ಲಿನ ಡಾಕ್ಟರ ಹೆಸರನ್ನು ಮೊದಲಿನಿಂದ ಬರೆಯುತ್ತ ಹೋಗಿ, ಬೋರ್ಡು ಮುಗಿದರೂ ಹೆಸರು ಮುಗಿಯದೆ, ಕೊನೆಯ ಎರಡಕ್ಷರವನ್ನು ಪಕ್ಕದ ಕಿಟಕಿಯ ಬಾಗಿಲ ಮೇಲೆ ಬರೆದಿದ್ದ. ಕಿಟಕಿ ತೆರೆದಾಗಲೆಲ್ಲ ಡಾಕ್ಟರರ ಹೆಸರು ಮೊಟಕಾಗುತ್ತಿತ್ತು. ಅಂದಿನಿಂದ ಕೊನೆಯದು ಮೊದಲು.

ಆಮೇಲೆ ಫ್ಲೆಕ್ಸ್ ಬಂತು. ಬೇರೆ ಯಾರೋ ತಂದಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ತಂದವನು ಸ್ವಂತ ಅಳಿಯ. ಮಗಳನ್ನು ಕೊಟ್ಟ ಮನೆ, ಬೈಯುವ ಹಾಗಿಲ್ಲ. ಅಳಿಯನ ಅಂಗಡಿಯ ಯಂತ್ರ ಬೆಳಗ್ಗೆ ಹಾಕಿದರೆ ಸಂಜೆಯೊಳಗೆ ಇಡೀ ಊರಿಗೆ ಮುಸುಕು ಹಾಕುವಷ್ಟು ಮುದ್ರಿಸುತ್ತಿತ್ತು. ಮೇಲಾಗಿ ಅವನು ಒಳ್ಳೆಯವನು. ಬೋರ್ಡಪ್ಪನಿಗೆ ಅದೇ ದೊಡ್ಡ ತಲೆನೋವು.

“ಮಾವ, ಈ ವಯಸ್ಸಲ್ಲಿ ಏಣಿ ಹತ್ತೋದು ಯಾಕೆ? ಬನ್ನಿ, ಕೌಂಟರಲ್ಲಿ ಫ್ಯಾನ್ ಕೆಳಗೆ ಕೂತ್ಕೊಳ್ಳಿ. ಅಕ್ಷರ ತಪ್ಪಿದೆಯಾ ಅಂತ ನೋಡಿದ್ರೆ ಸಾಕು.”

“ಆಗಲಿ ಅಳಿಯಂದಿರೇ, ನೋಡೋಣ” ಎನ್ನುತ್ತಿದ್ದ ಬೋರ್ಡಪ್ಪ. ಏಳು ತಿಂಗಳಿಂದ ಒಂದು ಬೋರ್ಡೂ ಬಂದಿರಲಿಲ್ಲ. ಬ್ರಷ್ಷುಗಳನ್ನು ವಾರಕ್ಕೊಮ್ಮೆ ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಜೋಡಿಸುವುದೇ ಕೆಲಸವಾಗಿತ್ತು.

ಹೀಗಿರುವಾಗ ಸಾಣೆಯಮ್ಮ ಬಂದಳು. ಹುಟ್ಟಿದ್ದು ಜಪಾನಿನಲ್ಲಿ, ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷ. ತಳ್ಳುಗಾಡಿಯಲ್ಲಿ ಸಾಣೆಕಲ್ಲು ಇಟ್ಟುಕೊಂಡು ದರ್ಜಿಗಳ ಕತ್ತರಿ, ಹೋಟೆಲಿನವರ ಚಾಕು ಹರಿತ ಮಾಡಿಕೊಡುತ್ತಿದ್ದಳು. ಅವಳು ಸಾಣೆ ಹಿಡಿದ ಚಾಕುವನ್ನು ಟೊಮೇಟೊ ದೂರದಿಂದ ಕಂಡರೆ ತಾನಾಗಿ ಎರಡು ಹೋಳಾಗುತ್ತದೆ ಎಂದು ಅಡುಗೆಯವರು ಹೇಳುತ್ತಿದ್ದರು. ಈಗ ಮೂಲೆಯಲ್ಲಿ ಒಂದು ಅಂಗಡಿ ಹಿಡಿದಿದ್ದಳು. ಬಾಗಿಲು ತೆರೆಯಲು ಇಪ್ಪತ್ತೈದು ದಿನವಿತ್ತು.

“ಮರದ ಹಲಗೆ ಮೇಲೆ ನಮ್ಮ ಭಾಷೇಲಿ ಎರಡಕ್ಷರ ಬೇಕು. ಪ್ಲಾಸ್ಟಿಕ್ ಬೇಡ. ಬ್ರಷ್ಷಿನದೇ ಆಗಬೇಕು” ಎಂದಳು.

“ಅಮ್ಮ, ಚಂದ್ರನ ಮೇಲಿನವರು ಚೀಟಿ ಕಳಿಸಿದರೂ ಬರೆದುಕೊಡ್ತೀನಿ” ಎಂದ ಬೋರ್ಡಪ್ಪ.

ಅವಳು ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡಕ್ಷರ ಬರೆದುಕೊಟ್ಟಳು. ಮೊದಲನೆಯದಕ್ಕೆ ಮೂರು ಗೆರೆ, ಎರಡನೆಯದಕ್ಕೆ ಎಂಟು. ಎರಡೂ ಸೇರಿದರೆ ಹರಿತವಾದ ಸಾಮಾನು ಎಂದು ಅರ್ಥ. ಬೋರ್ಡಪ್ಪ ನಾಲ್ಕು ದಿನ ಕೂತ. ಅವಳ ಗೆರೆಗಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಇಲಿಬಾಲದಂತೆ ಸಣ್ಣ. ಪಾಪ, ಕೈ ನಡುಗಿರಬೇಕು ಎಂದುಕೊಂಡು ದೊಡ್ಡ ಮನಸ್ಸು ಮಾಡಿ ಎಲ್ಲವನ್ನೂ ಒಂದೇ ದಪ್ಪಕ್ಕೆ ತಂದ. ತುದಿಗಳನ್ನು ಅಚ್ಚುಕಟ್ಟಾಗಿ ಚೌಕ ಮಾಡಿದ. ಮೇಲೆ ಕೆಂಪು ನೆರಳನ್ನೂ ಕೊಟ್ಟ.

ಸಾಣೆಯಮ್ಮ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು. ಅದೇ ಹೊತ್ತಿಗೆ ಅಳಿಯನೂ ಬಂದು ಬಾಗಿಲಲ್ಲಿ ನಿಂತಿದ್ದ.

“ಇದು ಅಕ್ಷರದ ಫೋಟೋ, ಪೇಂಟರ್ ಅವರೇ” ಎಂದಳು. “ಬರೆದದ್ದಲ್ಲ.”

“ಆಕಾರ ಸರಿ ಇದೆಯಲ್ಲಮ್ಮ? ನಿಮ್ಮದಕ್ಕಿಂತ ನೀಟಾಗಿಯೇ ಇದೆ.”

“ಒಂದು ಚಾಕು ಕೊಟ್ಟರೆ, ಮೈಮೇಲಿನ ಗೀರು ನೋಡಿ ಕಲ್ಲು ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ ಅಂತ ಹೇಳ್ತೀನಿ. ಇದೂ ಹಾಗೇ. ಕೈ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು ಅಂತ ಕಾಣಬೇಕು. ಇದರಲ್ಲಿ ಕೈ ಎಲ್ಲೂ ಹೋಗೇ ಇಲ್ಲ.”

ಬೋರ್ಡಪ್ಪನ ಕಿವಿ ಬಿಸಿಯಾಯಿತು. ಅಳಿಯ ಮೆಲ್ಲಗೆ ಬಾಯಿ ಹಾಕಿದ: “ಅಮ್ಮ, ನೀವು ಬರೆದದ್ದನ್ನೇ ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ಪ್ರಿಂಟ್ ಹಾಕಿಕೊಡಬಹುದು. ಅರ್ಧ ಗಂಟೆ ಸಾಕು.”

ಸಹಾಯ ಮಾಡಲೆಂದೇ ಹೇಳಿದ್ದು. ಆದರೆ ಬೋರ್ಡಪ್ಪನ ಬಾಯಿ ಬುದ್ಧಿಗಿಂತ ಮೊದಲೇ ಓಡಿತು. “ಇಪ್ಪತ್ತೊಂದು ದಿನ ಇದೆ. ಅಷ್ಟರಲ್ಲಿ ನಾನು ಬರೀಲಿಲ್ಲ ಅಂದ್ರೆ ನೀವೇ ಪ್ರಿಂಟ್ ಹಾಕಿ ಅಳಿಯಂದಿರೇ. ಮಾರನೇ ದಿನದಿಂದ ಬ್ರಷ್ ಮುಟ್ಟೋದಿಲ್ಲ, ನಿಮ್ಮ ಕೌಂಟರಲ್ಲಿ ಬಂದು ಕೂತ್ಕೊಳ್ತೀನಿ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮಾತು ಆಗಲೇ ಬೀದಿಗಿಳಿದಿತ್ತು.

ಮರುದಿನ ಸಾಣೆಯಮ್ಮ ಕನ್ನಡಕದ ಡಬ್ಬಿಯ ಹಾಗೆ ಮಡಚುವ ಒಂದು ಸಾಮಾನು ತಂದುಕೊಟ್ಟಳು. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು. ತೆರೆದರೆ ಮೇಲೊಂದು ಪರದೆ, ಕೆಳಗೊಂದು ಪರದೆ, ಪಕ್ಕದಲ್ಲಿ ಬೆಂಕಿಕಡ್ಡಿಯಂಥ ಒಂದು ಪೆನ್ನು.

“ನನ್ನ ಮಗಳು ಚಿಕ್ಕವಳಿದ್ದಾಗ ನಮ್ಮ ಅಕ್ಷರ ಕಲಿತದ್ದು ಇದರಲ್ಲೇ. ನನ್ನ ಹತ್ತಿರ ಕೂತರೆ ಅಳುತ್ತಿದ್ದಳು, ಇದರ ಹತ್ತಿರ ಅಳುತ್ತಿರಲಿಲ್ಲ.”

ಕೆಳಗಿನ ಪರದೆಯಲ್ಲಿ ಒಂದು ಚೌಕ. ಅದರಲ್ಲಿ ಪೆನ್ನಿನಿಂದ ಬರೆಯಬೇಕು. ಮೇಲಿನ ಪರದೆಯಲ್ಲಿ ಕನ್ನಡಕ ಹಾಕಿಕೊಂಡ ಒಂದು ಆಮೆ ಕೂತಿರುತ್ತದೆ. ಗೆರೆ ಸರಿಯಾದ ಸರದಿಯಲ್ಲಿ, ಸರಿಯಾದ ದಿಕ್ಕಿನಲ್ಲಿ ಬಂದರೆ ಟಿಂಗ್. ಇಲ್ಲದಿದ್ದರೆ ಪೊಂಯ್ ಎಂದು ಸದ್ದಾಗಿ ಆಮೆ ತಲೆ ಅಲ್ಲಾಡಿಸುತ್ತದೆ. ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ.

ಬೋರ್ಡಪ್ಪ ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಐವತ್ತು ವರ್ಷದ ಮೇಲೆ ಇದೇ ಮೊದಲ ಪರೀಕ್ಷೆ. ಕುರ್ಚಿಯಲ್ಲಿ ನೆಟ್ಟಗೆ ಕೂತು, ರೂಢಿಯಂತೆ ಬಲಗಡೆಯ ಕೊನೆಯಿಂದ ಹೊರಗೆರೆ ಎಳೆಯಲು ಹೊರಟ. ಪೊಂಯ್. ಇನ್ನೊಂದು ಬದಿಯ ಹೊರಗೆರೆ. ಪೊಂಯ್. ಒಳಗೆ ತುಂಬಲು ಗೀಚಿದ. ಪೊಂಯ್ ಪೊಂಯ್ ಪೊಂಯ್. ಸೊನ್ನೆ. ಮತ್ತೆ ಬರೆದ, ಮತ್ತೆ ಸೊನ್ನೆ. ಆ ಮಧ್ಯಾಹ್ನ ಅವನು ಗಳಿಸಿದ ಸೊನ್ನೆಗಳನ್ನು ಒಂದರ ಪಕ್ಕ ಒಂದಿಟ್ಟಿದ್ದರೆ ಬೀದಿಯ ತುದಿಯವರೆಗೆ ಬೇಲಿಯಾಗುತ್ತಿತ್ತು. ಆಮೆಯ ಕತ್ತೇ ನೋಯುತ್ತಿತ್ತೋ ಏನೋ.

“ಆಕಾರ ನೋಡೋ, ಆಕಾರ! ಕನ್ನಡಕ ಯಾಕೆ ಹಾಕ್ಕೊಂಡಿದ್ದೀಯ?” ಎಂದು ಬೋರ್ಡಪ್ಪ ಕೂಗಿದ.

ಹೆಂಡತಿ ಒಳಗಿನಿಂದ ಹೆಣಿಗೆಯ ಕಡ್ಡಿ ಹಿಡಿದೇ ಬಂದಳು. ಉಣ್ಣೆಯ ಸ್ವೆಟರು ಹೆಣೆದು ಅಂಗಡಿಗೆ ಕೊಡುವುದು ಅವಳ ಕಸುಬು. “ಏನ್ರೀ, ಆಮೆ ಜೊತೆ ಜಗಳ? ಇಲ್ಲಿ ಕೊಡಿ.”

ಮೊದಲು ಗೆರೆಗಳ ಸರದಿ ತೋರಿಸುವ ಗುಂಡಿ ಒತ್ತಿ ಎರಡು ಸಲ ನೋಡಿದಳು. ಅದು ತೋರಿಸಿದಂತೆಯೇ ಎಳೆದಳು. ಟಿಂಗ್, ಟಿಂಗ್, ಟಿಂಗ್. ಎಂಬತ್ತೆಂಟು. ಆಮೆ ಎರಡು ಕಾಲ ಮೇಲೆ ನಿಂತು ಕುಣಿಯಿತು.

“ನಿನಗೆ ಹೇಗೆ ಬಂತು?”

“ಅದು ಹೇಳಿದ ಹಾಗೆ ನಾನು ಕೇಳ್ತೀನಿ. ನೀವು ಅದಕ್ಕೇ ಪಾಠ ಹೇಳೋಕೆ ಹೋಗ್ತೀರಿ. ಹೆಣಿಗೇಲಿ ಮುಂದಿನದು ಹಿಂದೆ ಹಾಕಿ ನೋಡಿ, ಕುತ್ತಿಗೇಲಿ ತೋಳು ಬೆಳೆಯುತ್ತೆ.”

ಅಂದಿನಿಂದ ಮನೆಯಲ್ಲಿ ಇಬ್ಬರು ಮೇಷ್ಟ್ರು, ಒಂದು ಆಮೆ, ಇನ್ನೊಂದು ಹೆಂಡತಿ. ಒಂದು ಪೊಂಯ್ ಅನ್ನುತ್ತಿತ್ತು, ಇನ್ನೊಂದು “ಅಯ್ಯೋ” ಅನ್ನುತ್ತಿತ್ತು. ಬೋರ್ಡಪ್ಪ ಬೆಳಗ್ಗೆ ಹಲ್ಲುಜ್ಜುವ ಮೊದಲು ಹತ್ತು ಸಲ ಬರೆದ, ಬಸ್ಸಿಗೆ ಕಾಯುತ್ತ ಬರೆದ, ಕ್ಷೌರದ ಅಂಗಡಿಯಲ್ಲಿ ಬಟ್ಟೆ ಹೊದ್ದುಕೊಂಡು ಅದರಡಿಯಲ್ಲೇ ಬರೆದ. ಒಂಬತ್ತನೇ ದಿನ ನಲವತ್ತೊಂದು ಅಂಕ. ಹದಿಮೂರನೇ ದಿನ ಎಪ್ಪತ್ತು. ಅಲ್ಲಿಂದ ಮುಂದೆ ಗಾಡಿ ಕದಲಲಿಲ್ಲ.

ಅಡ್ಡಿಯಾದದ್ದು ಏಳನೇ ಗೆರೆ, ಅಂದರೆ ಎರಡನೇ ಅಕ್ಷರದ ನಾಲ್ಕನೆಯದು. ಕೆಳಗೆ ಎಡಗಡೆ ಹುಟ್ಟಿ, ಮೇಲೆ ಬಲಗಡೆಗೆ ಚಿಮ್ಮಿ, ತುದಿಯಲ್ಲಿ ಮಾಯವಾಗಬೇಕು. ಅವನಿಗೆ ಕಸುಬು ಕಲಿಸಿದ ಗುರು ಮೊದಲ ದಿನವೇ ಹೇಳಿದ್ದ: ಬ್ರಷ್ಷನ್ನು ಎಳೆಯಬೇಕು, ತಳ್ಳಬಾರದು. ನಲವತ್ತೆರಡು ವರ್ಷ ಅವನ ಕೈ ಮೇಲಿಂದ ಕೆಳಕ್ಕೆ ಎಳೆದಿತ್ತು, ಎಡದಿಂದ ಬಲಕ್ಕೆ ಎಳೆದಿತ್ತು, ಒಂದು ದಿನವೂ ಕೆಳಗಿನಿಂದ ಮೇಲಕ್ಕೆ ಹೋಗಿರಲಿಲ್ಲ. ತಲೆ ‘ಮೇಲಕ್ಕೆ’ ಎನ್ನುವಷ್ಟರಲ್ಲಿ ಕೈ ಮೇಲಿನಿಂದ ಹೊರಟುಬಿಟ್ಟಿರುತ್ತಿತ್ತು. ಪೊಂಯ್.

ಒಂದು ಬೆಳಗ್ಗೆ ಅವನು ಗೇಮನ್ನು ಮಡಚಿ ಸುಮ್ಮನೆ ಕೂತ. ಮೂಲೆಯಲ್ಲಿ ಬ್ರಷ್ಷುಗಳು ಸಾಲಾಗಿ ನಿಂತಿದ್ದವು. ಇಷ್ಟು ವರ್ಷ ತಾನು ಬರೆದೆನೋ, ಬರಿದೇ ತುಂಬಿದೆನೋ ಎಂದು ಮೊದಲ ಸಲ ಅನಿಸಿತು. ಹನ್ನೊಂದು ಲಿಪಿಗಳವರೂ ಬಂದು ನೋಡಿ ಚೆನ್ನಾಗಿದೆ ಎಂದು ಹೋಗಿದ್ದರು. ಅವರಲ್ಲಿ ಎಷ್ಟು ಜನ ಇದು ಫೋಟೋ ಎಂದುಕೊಂಡು, ಮುಖದ ಮೇಲೆ ಹೇಳದೆ ಹೋದರೋ.

“ಅಳಿಯ ಆ ಕೌಂಟರ್ ಕುರ್ಚಿಗೆ ಮೆತ್ತೆ ಹಾಕಿಸಿದ್ದಾನಂತಾ?” ಎಂದು ಹೆಂಡತಿಯನ್ನು ಕೇಳಿದ.

ಅವಳು ಹೆಣಿಗೆ ಕೆಳಗಿಟ್ಟಳು. “ಮೆತ್ತೆ ಆಮೇಲೆ. ನಾಳೆಯಿಂದ ನಾನು ಎಣಿಸ್ತೀನಿ, ನೀವು ಬರೀರಿ. ಏಳು ಅಂದಾಗ ಸೊಳ್ಳೆ ಓಡಿಸೋ ಹಾಗೆ ಕೈ ಮೇಲೆತ್ತಿ. ಯೋಚನೆ ಮಾಡಬೇಡಿ.”

ಸೊಳ್ಳೆ ಕೆಲಸಕ್ಕೆ ಬಂತು. ಹದಿನಾರನೇ ದಿನ ತೊಂಬತ್ತಾರು ಅಂಕ. ಆಮೆ ಕುಣಿಯಿತು, ಅವನೂ ಎದ್ದು ನಿಂತ, ಕುಣಿಯುವುದೊಂದು ಬಾಕಿ.

ಆದರೆ ಗೇಮಿನ ಚೌಕ ಮೂರು ಬೆರಳಗಲ, ಹಲಗೆ ಆರಡಿ. ಅಳಿಯನ ಅಂಗಡಿಯಿಂದ ತಪ್ಪಾಗಿ ಮುದ್ರಣವಾದ ಫ್ಲೆಕ್ಸ್ ತಂದು, ಅದರ ಬಿಳಿಯ ಬೆನ್ನಿನ ಮೇಲೆ ದೊಡ್ಡದಾಗಿ ಬರೆದು ನೋಡಿದ. ಬೆರಳು ಕಲಿತದ್ದು ಭುಜಕ್ಕೆ ಗೊತ್ತಿರಲಿಲ್ಲ. ಗೆರೆ ನಡುದಾರಿಯಲ್ಲಿ ನಿಂತು ದಾರಿ ಕೇಳುತ್ತಿತ್ತು. ಐದು ದಿನ ಹೆಂಡತಿ ಎಣಿಸಿದಳು, ಅವನು ಬರೆದ. ಊರಿನ ಹಳೆಯ ಜಾಹೀರಾತುಗಳೆಲ್ಲ ಬೆನ್ನಿನ ಮೇಲೆ ಹರಿತವಾದ ಸಾಮಾನು ಎಂದು ಬರೆಸಿಕೊಂಡು ಹಿತ್ತಿಲಲ್ಲಿ ಒಣಗಿದವು.

ಇಪ್ಪತ್ತೊಂದನೇ ಬೆಳಗ್ಗೆ ಎರಡು ಸ್ಟೂಲುಗಳ ಮೇಲೆ ಹಲಗೆ ಮಲಗಿತು. ದಾರ ಮೀಟಲಿಲ್ಲ, ಸೀಮೆಸುಣ್ಣ ಮುಟ್ಟಲಿಲ್ಲ. ಮೊದಲನೆಯದನ್ನೇ ಮೊದಲು ಬರೆಯಬೇಕು. ಕೊನೆಗೆ ಜಾಗ ಸಾಲುತ್ತದೋ ಇಲ್ಲವೋ ಆಮೆಗೂ ಗೊತ್ತಿಲ್ಲ. ಹಲ್ಲಿನ ಡಾಕ್ಟರ ಕಿಟಕಿ ನೆನಪಾಗಿ ಹಲಗೆಯ ಕೊನೆಯನ್ನೊಮ್ಮೆ ನೋಡಿಕೊಂಡ.

“ಒಂದು” ಎಂದಳು ಹೆಂಡತಿ.

ಕೈ ಹೊರಟಿತು. ಎರಡು, ಮೂರು. ನಾಲ್ಕು, ಐದು, ಆರು. “ಏಳು!” ಕೈ ಕೆಳಗಿನಿಂದ ಮೇಲಕ್ಕೆ ಚಿಮ್ಮಿತು. ಹನ್ನೊಂದಕ್ಕೆ ನಿಂತಿತು. ನಲವತ್ತೆರಡು ವರ್ಷದಲ್ಲಿ ಒಂದೇ ನಿಮಿಷಕ್ಕೆ ಮುಗಿದ ಬೋರ್ಡು ಇದೊಂದೇ.

ಆಮೇಲೆ ಕಣ್ಣಿಗೆ ಬಿತ್ತು. ಏಳನೇ ಗೆರೆಯ ತುದಿಯಲ್ಲಿ ಬಣ್ಣ ಸಾಲದೆ ಬ್ರಷ್ಷಿನ ಕೂದಲು ಬಿಡಿಬಿಡಿಯಾಗಿ, ಬಾಚಣಿಗೆ ಎಳೆದಂತೆ ಬಿರುಕು ಬಿಟ್ಟಿತ್ತು. ಮರ ಕಾಣುತ್ತಿತ್ತು. ಅವನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಕೈ ತಾನಾಗಿ ಸಣ್ಣ ಬ್ರಷ್ಷಿಗೆ ಹೋಯಿತು.

“ರೀ, ಹನ್ನೆರಡನೇ ಗೆರೆ ಇಲ್ಲ” ಎಂದಳು ಹೆಂಡತಿ.

ಬ್ರಷ್ಷು ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಅಂಗಿಯ ಜೇಬಿಗೆ ಇಳಿಯಿತು.

ಸಾಣೆಯಮ್ಮ ಬಂದಳು. ಹಿಂದೆಯೇ ಅಳಿಯ ಬಂದ. ಅವನ ಕಂಕುಳಲ್ಲಿ ಸುರುಳಿ ಸುತ್ತಿದ ಒಂದು ಫ್ಲೆಕ್ಸ್ ಇತ್ತು; ಪಾಪ, ಯಾವುದಕ್ಕೂ ಇರಲಿ ಎಂದು. ಸಾಣೆಯಮ್ಮ ಹಲಗೆಯ ಮುಂದೆ ನಿಂತು ತೋರುಬೆರಳನ್ನು ಗಾಳಿಯಲ್ಲಿ ಆಡಿಸಿದಳು. ಒಂದು, ಎರಡು, ಮೂರು. ಬೋರ್ಡಪ್ಪ ಬೆರಳನ್ನೇ ನೋಡಿದ. ಆರು. ಬೆರಳು ಕೆಳಕ್ಕಿಳಿಯಿತು, ಮೇಲಕ್ಕೆ ಚಿಮ್ಮಿತು, ಬಿರುಕಿನ ಜಾಗದಲ್ಲಿ ನಿಂತಿತು.

“ಇಲ್ಲಿ ಬಣ್ಣ ಸಾಲಲಿಲ್ಲ.”

“ಸಾಲಲಿಲ್ಲಮ್ಮ.”

“ಕೈ ಎಷ್ಟು ಜೋರಾಗಿ ಹೋಗಿದೆ!” ಎಂದಳು. “ನಾಳೆ ತೂಗುಹಾಕೋಣ. ಮೊಳೆ ನಾನು ತರ್ತೀನಿ.”

ಅಳಿಯ ಸುರುಳಿಯನ್ನು ಬೆನ್ನ ಹಿಂದೆ ಸರಿಸಿಕೊಂಡ. “ಮಾವ, ಆ ಕುರ್ಚಿಗೆ ಮೆತ್ತೆ ಹಾಕಿಸಿಬಿಟ್ಟಿದ್ದೆ.”

“ನೀವೇ ಕೂತ್ಕೊಳ್ಳಿ ಅಳಿಯಂದಿರೇ, ನಿಮಗೂ ವಯಸ್ಸಾಗ್ತಾ ಬಂತು.”

ಗೇಮನ್ನು ವಾಪಸು ಕೊಡಲು ಹುಡುಕಿದರೆ ಸಿಗಲಿಲ್ಲ. ಒಳಕೋಣೆಯಿಂದ ಟಿಂಗ್ ಕೇಳಿಸಿತು. ಹೆಂಡತಿ ಮುನ್ನೂರ ನಲವತ್ತನೇ ಅಕ್ಷರದಲ್ಲಿದ್ದಳು.

ಬೋರ್ಡಪ್ಪ ಈಗಲೂ ದಿನಾ ಸಂಜೆ ಸುತ್ತುಬಳಸಿ ಆ ಮೂಲೆಯ ಅಂಗಡಿಯ ಮುಂದೆ ಹಾಯ್ದು ಬರುತ್ತಾನೆ. ಬೋರ್ಡಿನ ಕೆಳಗೆ ಒಂದು ಗಳಿಗೆ ನಿಂತು ಏಳನೇ ಗೆರೆಯ ತುದಿ ನೋಡುತ್ತಾನೆ. ಸಣ್ಣ ಬ್ರಷ್ಷು ಜೇಬಿನಲ್ಲೇ ಇರುತ್ತದೆ. ಅದನ್ನೊಮ್ಮೆ ಮುಟ್ಟಿ ನೋಡಿಕೊಂಡು ಮುಂದೆ ನಡೆಯುತ್ತಾನೆ.